‘ಮಾಡ್ಕೊಡಿ ಅಂದ್ರು, ಮಾಡ್ಕೊಟ್ಟೆ’ ಅಂದರೆ ಸಾಲದು: ವೆಲ್ಡಿಂಗ್ ಶಾಪ್‌ನವರು ತಿಳಿದಿರಬೇಕಾದ ಕಾನೂನು ಹೊಣೆ

ಹನೂರು: ಮುಸುಕಿನ ಜೋಳದ ಕಟಾವು ಶುರುವಾದರೆ ಹನೂರು, ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿ ಭಾಗದ ವೆಲ್ಡಿಂಗ್ ಶಾಪ್‌ಗಳಿಗೆ ಪುರುಸೊತ್ತೇ ಇರಲ್ಲ. ಒಬ್ಬರು ಟ್ರೇಲರ್ ಹುಕ್ಕು ಮುರಿದುಕೊಂಡು ಬರುತ್ತಾರೆ, ಇನ್ನೊಬ್ಬರಿಗೆ ಕಲ್ಟಿವೇಟರ್ ಹಲ್ಲು ಕೂರಿಸಬೇಕು, ಮತ್ತೊಬ್ಬರಿಗೆ ಮನೆ ಗೇಟು ನಾಳೆಯೇ ಬೇಕು. ಎಲ್ಲರದ್ದೂ ಒಂದೇ ಮಾತು: ‘ಒಸಿ ಬೇಗ ಒಂದು ಟಾಕಾ ಹಾಕ್ಕೊಡಣ್ಣ, ಏನೂ ಆಗಕಿಲ್ಲ’.

ಏನೂ ಆಗದಿದ್ದರೆ ಸರಿ. ಆದರೆ ಬೆಸುಗೆ ಹಾಕಿದ ಹುಕ್ಕು ದಾರಿಯಲ್ಲಿ ಬಿಟ್ಟುಕೊಂಡು ಹಿಂದೆ ಬರುತ್ತಿದ್ದ ಬೈಕಿನವರ ಮೇಲೆ ಟ್ರೇಲರ್ ಹರಿದರೆ? ಆಗ ಮೊದಲು ಕೇಳುವ ಪ್ರಶ್ನೆ ‘ಇದನ್ನ ಮಾಡಿದ್ದು ಯಾರು?’. ಮುನ್ನೂರು ರೂಪಾಯಿ ಕೂಲಿಯ ಕೆಲಸ ಲಕ್ಷಗಟ್ಟಲೆ ಪರಿಹಾರದ ಮಾತಾಗುತ್ತದೆ. ಬಿಲ್ಲೂ ಇಲ್ಲ, ಚೀಟಿಯೂ ಇಲ್ಲ ಅಂದರೆ ಅಂಗಡಿಯವರ ಪರವಾಗಿ ಮಾತಾಡಲು ಏನೂ ಉಳಿಯಲ್ಲ.

ಶಾಪ್ ಮಾಲೀಕರಿಗೆ ಯಾವ ಕೆಲಸದಲ್ಲಿ ಎಷ್ಟು ಹೊಣೆ, ಯಾವುದನ್ನು ಒಪ್ಪಬಾರದು, ಏನನ್ನು ಬರೆದಿಡಬೇಕು ಎಂಬ ವಿವರ ಇಲ್ಲಿದೆ. ಕೆಲಸ ಮಾಡಿಸುವ ರೈತರು, ಅಂಗಡಿಯವರಿಗೂ ಇದು ಅಷ್ಟೇ ಮುಖ್ಯ.

ರಿಪೇರಿ ಬೇರೆ, ಹೊಸದಾಗಿ ಮಾಡಿಕೊಡುವುದು ಬೇರೆ

ಮುರಿದದ್ದನ್ನು ಸರಿ ಮಾಡಿಕೊಟ್ಟರೆ ಅದು ‘ಸೇವೆ’. ಗೇಟು, ಗ್ರಿಲ್, ಏಣಿ, ನೀರಿನ ಟ್ಯಾಂಕ್ ಸ್ಟ್ಯಾಂಡ್, ಶೆಡ್ಡು ಇತ್ಯಾದಿಯನ್ನು ಅಳತೆ ತೆಗೆದು ಹೊಸದಾಗಿ ಮಾಡಿಕೊಟ್ಟರೆ, ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಕಣ್ಣಿಗೆ ಶಾಪ್‌ನವರು ‘ಉತ್ಪಾದಕರು’. ವಿನ್ಯಾಸ ಮಾಡುವವರು, ಫ್ಯಾಬ್ರಿಕೇಷನ್ ಮಾಡುವವರು ಎಲ್ಲರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ದೊಡ್ಡ ಕಂಪನಿಯೇ ಆಗಿರಬೇಕೆಂದೇನಿಲ್ಲ.

2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಪ್ರತ್ಯೇಕ ಅಧ್ಯಾಯ ಇದೆ. ಮಾಡಿಕೊಟ್ಟ ವಸ್ತುವಿನ ದೋಷದಿಂದ ಪೆಟ್ಟಾದರೆ, ಜೀವ ಹೋದರೆ ಅಥವಾ ಬೇರೆ ಆಸ್ತಿ ಹಾಳಾದರೆ ಪರಿಹಾರ ಕೇಳಬಹುದು. ದೋಷ ಅಂದರೆ ಬೆಸುಗೆ ಬಿಟ್ಟಿದ್ದು ಮಾತ್ರ ಅಲ್ಲ. ವಿನ್ಯಾಸದ ತಪ್ಪು, ಹೇಳಿದ್ದಕ್ಕಿಂತ ತೆಳು ಗೇಜಿನ ಮಾಲು ಹಾಕಿದ್ದು, ಹೇಗೆ ಬಳಸಬೇಕೆಂದು ಎಚ್ಚರಿಕೆ ಹೇಳದೇ ಇದ್ದದ್ದು ಕೂಡ ದೋಷವೇ.

ಸ್ಲೈಡಿಂಗ್ ಗೇಟನ್ನೇ ನೋಡಿ. ಬೆಸುಗೆ ಎಷ್ಟೇ ಗಟ್ಟಿ ಇರಲಿ, ಟ್ರ್ಯಾಕಿನ ಕೊನೆಯಲ್ಲಿ ಸ್ಟಾಪರ್ ಇಲ್ಲದಿದ್ದರೆ, ಮೇಲೆ ಗೈಡ್ ರೋಲರ್ ಇಲ್ಲದಿದ್ದರೆ ಗೇಟು ಹಳಿ ತಪ್ಪಿ ಬೀಳುತ್ತದೆ. ಗೇಟು ಹಿಡಿದು ಆಡುವವರು ಮಕ್ಕಳು. ‘ಸ್ಟಾಪರ್ ಬೇಡ, ಖರ್ಚು ಜಾಸ್ತಿ ಅಂತ ಗಿರಾಕಿನೇ ಹೇಳಿದ್ರು’ ಎನ್ನುವುದು ಆಮೇಲೆ ಉಪಯೋಗಕ್ಕೆ ಬರಲ್ಲ. ಸ್ಟಾಪರ್ ಇಲ್ಲದ ಗೇಟನ್ನು ನಿಲ್ಲಿಸಿಕೊಡುವುದೇ ವಿನ್ಯಾಸದ ತಪ್ಪು.

ರಿಪೇರಿಯಲ್ಲೂ ಕೆಲಸ ಅರೆಬರೆಯಾದರೆ, ಹೇಳಬೇಕಾದ ಎಚ್ಚರಿಕೆ ಹೇಳದಿದ್ದರೆ, ಕೊಟ್ಟ ಗ್ಯಾರಂಟಿಯಂತೆ ನಡೆಯದಿದ್ದರೆ ಸೇವಾ ನ್ಯೂನತೆ ಆಗುತ್ತದೆ. ಆದ್ದರಿಂದ ‘ಲೈಫ್‌ಟೈಮ್ ಗ್ಯಾರಂಟಿ’ ಅಂತ ಬಾಯಿಗೆ ಬಂದ ಹಾಗೆ ಹೇಳಬಾರದು. ಹೇಳಿದ ಮಾತು ಹೊಣೆಯಾಗಿ ಕೂರುತ್ತದೆ.

ಶಾಪ್‌ನವರ ಪರವಾಗಿಯೂ ಒಂದು ಅಂಶ ಇದೆ. ವಸ್ತು ಕೊಟ್ಟ ಮೇಲೆ ಗಿರಾಕಿಯೇ ಅದನ್ನು ಬದಲಾಯಿಸಿದ್ದರೆ, ತಪ್ಪಾಗಿ ಬಳಸಿದ್ದರೆ ಮಾರಾಟಗಾರರ ಮೇಲೆ ಉತ್ಪನ್ನ ಹೊಣೆಯ ದಾವೆ ನಿಲ್ಲುವುದಿಲ್ಲ. ಆದರೆ ಕೊಟ್ಟಾಗ ಹೇಗಿತ್ತು ಎಂದು ತೋರಿಸಲು ಫೋಟೊನೋ ಚೀಟಿಯೋ ಬೇಕು.

ಗಾಡಿ ಶಾಪ್‌ನಲ್ಲಿ ಇರುವಷ್ಟು ಹೊತ್ತು

ರಿಪೇರಿಗೆ ಬಿಟ್ಟುಹೋದ ಮಾಲಿನ ಬಗ್ಗೆ 1872ರ ಭಾರತೀಯ ಕರಾರು ಕಾಯ್ದೆ ಸ್ಪಷ್ಟವಾಗಿದೆ.

151ನೇ ಕಲಂ ಪ್ರಕಾರ, ವಿವೇಕ ಇರುವ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು. ಅಷ್ಟು ಮಾಡಿಯೂ ಕಳವಾದರೆ, ಹಾಳಾದರೆ ಶಾಪ್‌ನವರು ಹೊಣೆಯಲ್ಲ. ಆದರೆ ಬ್ಯಾಟರಿ ಸಂಪರ್ಕ ತೆಗೆಯದೆ ಟ್ರ್ಯಾಕ್ಟರ್‌ಗೆ ವೆಲ್ಡಿಂಗ್ ಮಾಡಿ ಆಲ್ಟರ್ನೇಟರ್ ಸುಟ್ಟರೆ ಅದು ಜೋಪಾನದ ಕೊರತೆ.

150ನೇ ಕಲಂ ಗಿರಾಕಿಗೆ ಹೇಳುತ್ತದೆ: ತನಗೆ ಗೊತ್ತಿರುವ ದೋಷ, ಅಪಾಯ ಮುಚ್ಚಿಡುವಂತಿಲ್ಲ. ಡ್ರಮ್ಮಿನಲ್ಲಿ ಹಿಂದೆ ಪೆಟ್ರೋಲ್ ಇತ್ತು ಎಂದು ಹೇಳದೆ ಕೊಟ್ಟು, ಟಾರ್ಚು ಇಟ್ಟ ಕೂಡಲೇ ಸಿಡಿದರೆ ಆ ನಷ್ಟಕ್ಕೆ ಗಿರಾಕಿಯೇ ಹೊಣೆ. ಆದರೂ ‘ಒಳಗೆ ಏನಿತ್ತು?’ ಎಂದು ಕೇಳುವುದನ್ನು ಬಿಡಬಾರದು. ಖಾಲಿ ಡ್ರಮ್ಮು, ಡೀಸೆಲ್ ಟ್ಯಾಂಕು ತುಂಬಿದ್ದಕ್ಕಿಂತ ಹೆಚ್ಚು ಅಪಾಯ. ಒಳಗಿನ ಆವಿ ಗಾಳಿಯೊಂದಿಗೆ ಸೇರಿ ಬಾಂಬಿನ ಹಾಗೆ ಸಿಡಿಯುತ್ತದೆ. ಕೇಳದೆ ಕಿಡಿ ಹಾಯಿಸುವವರು ಕಾನೂನಿಗಿಂತ ಮೊದಲು ಜೀವ ಕಳೆದುಕೊಳ್ಳುತ್ತಾರೆ.

170ನೇ ಕಲಂ ಕೂಲಿಯ ರಕ್ಷಣೆಗಿದೆ. ಒಪ್ಪಿದ ಕೆಲಸ ಮುಗಿಸಿದ ಮೇಲೆ ಹಣ ಕೊಡುವ ತನಕ ಆ ವಸ್ತುವನ್ನು ಕೊಡದೆ ಇಟ್ಟುಕೊಳ್ಳುವ ಹಕ್ಕು ಇದೆ. ಎರಡು ಮಿತಿ: ಅದೇ ಕೆಲಸದ ಕೂಲಿಗೆ ಮಾತ್ರ ಇಟ್ಟುಕೊಳ್ಳಬಹುದು, ಹೋದ ವರ್ಷದ ಬಾಕಿಗೆ ಇವತ್ತಿನ ಗಾಡಿ ತಡೆಯುವಂತಿಲ್ಲ. ಮತ್ತೆ, ಇಟ್ಟುಕೊಳ್ಳಬಹುದೇ ಹೊರತು ಮಾರಿಕೊಳ್ಳುವಂತಿಲ್ಲ.

ಪೆಟ್ಟಾದರೆ, ಪ್ರಾಣ ಹೋದರೆ

ಪರಿಹಾರದ ಲೆಕ್ಕ ಒಂದು ಕಡೆ, ಪೊಲೀಸ್ ಕೇಸು ಇನ್ನೊಂದು ಕಡೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

- ನಿರ್ಲಕ್ಷ್ಯದಿಂದ ಸಾವು (ಕಲಂ 106): 5 ವರ್ಷದವರೆಗೆ ಜೈಲು ಮತ್ತು ದಂಡ. ಹಳೇ 304-ಎ ಕಲಂನಲ್ಲಿ ಇದು 2 ವರ್ಷ ಇತ್ತು.
- ನಿರ್ಲಕ್ಷ್ಯದಿಂದ ತೀವ್ರ ಗಾಯ (ಕಲಂ 125): 3 ವರ್ಷದವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ, ಅಥವಾ ಎರಡೂ.
- ಬೆಂಕಿ, ಹೊತ್ತಿಕೊಳ್ಳುವ ವಸ್ತು ಬಗ್ಗೆ ನಿರ್ಲಕ್ಷ್ಯ (ಕಲಂ 287), ಯಂತ್ರದ ಬಗ್ಗೆ ನಿರ್ಲಕ್ಷ್ಯ (ಕಲಂ 289): 6 ತಿಂಗಳವರೆಗೆ ಜೈಲು.

ಅವಘಡ ಆದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಆ ಕಸುಬಿನವರು ಸಾಮಾನ್ಯವಾಗಿ ವಹಿಸುವ ಎಚ್ಚರವನ್ನು ಇವರು ವಹಿಸಿದ್ದರೇ, ಅದರಿಂದಲೇ ಅವಘಡ ಆಯಿತೇ ಎಂಬುದನ್ನು ನೋಡಲಾಗುತ್ತದೆ. ಲೀಫ್ ಸ್ಪ್ರಿಂಗ್ ಪಟ್ಟಿ ಮುರಿದರೆ ಬದಲಾಯಿಸಬೇಕು, ಬೆಸುಗೆ ಹಾಕಬಾರದು ಎಂಬುದು ಕಸುಬಿನವರಿಗೆ ಗೊತ್ತಿರುವ ಮಾತು. ಹದ ಮಾಡಿದ ಉಕ್ಕು ಬೆಸುಗೆಯ ಪಕ್ಕದಲ್ಲೇ ಪೆಡಸಾಗಿ ಮುರಿಯುತ್ತದೆ. ಗೊತ್ತಿದ್ದೂ ಮಾಡಿಕೊಟ್ಟರೆ ‘ನಂಗೇನ್ ಗೊತ್ತಿತ್ತು ಸಾ’ ಎನ್ನಲು ಆಗಲ್ಲ.

ವಾಹನದ ಆಕಾರ ಬದಲಾಯಿಸುವ ಕೆಲಸ

ಮಾದಪ್ಪನ ಬೆಟ್ಟದ ಜಾತ್ರೆ ಹತ್ತಿರ ಬಂದರೆ ಗೂಡ್ಸ್ ಟೆಂಪೋಗೆ ಬೆಂಚು ಕೂರಿಸಿ, ಮೇಲೆ ಅಡ್ಡಪಟ್ಟಿ ಹಾಕಿ ಅಂತ ಕೇಳುವವರು ಇರುತ್ತಾರೆ. ಜೋಳದ ಕಾಲದಲ್ಲಿ ಟ್ರೇಲರ್ ಬಾಡಿ ಎತ್ತರಿಸಿ ಅನ್ನುತ್ತಾರೆ. ಬೊಲೆರೋ ಮುಂದೆ ಬುಲ್ ಬಾರ್ ಬೇಕು ಅನ್ನುತ್ತಾರೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ನಮೂದಾದ ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಕಾನೂನಿನಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಅನುಮತಿ ಇಲ್ಲದೆ ಬದಲಾಯಿಸಿದ ಮಾಲೀಕರಿಗೆ 182-ಎ(4) ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ. ಈ ದಂಡ ಮಾಲೀಕರಿಗೆ, ನಿಜ. ಆದರೆ ತಾಳುಬೆಟ್ಟದಿಂದ ಮೇಲಿನ ತಿರುವಿನಲ್ಲಿ ಗಾಡಿ ಮಗುಚಿ ಜನ ಸತ್ತರೆ, ಬೆಂಚು ಕೂರಿಸಿದವರು ಯಾರು ಎಂಬ ಪ್ರಶ್ನೆ ಶಾಪ್ ಬಾಗಿಲಿಗೇ ಬರುತ್ತದೆ. ಅಂಥ ಗಾಡಿಯ ಕ್ಲೇಮಿಗೆ ವಿಮಾ ಕಂಪನಿಯೂ ತಕರಾರು ತೆಗೆಯುತ್ತದೆ.

ನಿಯಮ ಸರಳ: ಆಕಾರ, ಎತ್ತರ, ಸೀಟು, ಚಾಸಿ ಬದಲಾಗುವ ಕೆಲಸಕ್ಕೆ ಮೊದಲು ಚಾಮರಾಜನಗರದ ಆರ್‌ಟಿಒ ಅನುಮತಿ, ಆಮೇಲೆ ವೆಲ್ಡಿಂಗ್. ಅನುಮತಿ ಪತ್ರದ ಪ್ರತಿ ಶಾಪ್‌ನಲ್ಲೂ ಇರಲಿ.

ಎಷ್ಟೇ ಕೂಲಿ ಕೊಟ್ಟರೂ ‘ಬೇಡ’ ಎನ್ನಬೇಕಾದ ಕೆಲಸಗಳು

ಕೆಲವು ಕೆಲಸಕ್ಕೆ ಚೀಟಿ, ಸಹಿ, ಒಪ್ಪಂದ ಯಾವುದೂ ರಕ್ಷಣೆ ಕೊಡಲ್ಲ. ಕಾನೂನುಬಾಹಿರ ಕೆಲಸದ ಕರಾರು ಕರಾರೇ ಅಲ್ಲ.

1. ನಾಡ ಬಂದೂಕು. ಕಾಡಂಚಿನ ಊರುಗಳಲ್ಲಿ ‘ಕುದುರೆ ಒಂದು ಸರಿ ಮಾಡ್ಕೊಡಿ, ಹಂದಿ ಓಡಿಸೋಕೆ’ ಅಂತ ಬರುವವರು ಇದ್ದಾರೆ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿ ಮಾತ್ರವಲ್ಲ, ರಿಪೇರಿಯೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಗಿರಾಕಿ ಬಳಿ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದರೂ, ಶಾಪ್‌ನವರಿಗೆ ರಿಪೇರಿ ಲೈಸೆನ್ಸ್ ಬೇಕು.

2. ಉರುಳು, ಬೋನು, ಕರೆಂಟು ಬೇಲಿ. ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮದ ಅಂಚಿನಲ್ಲಿ ಆನೆ, ಹಂದಿ ಕಾಟ ನಿಜ. ಆದರೆ ಲೈನಿನ ಕರೆಂಟನ್ನು ನೇರ ತಂತಿಗೆ ಹಾಯಿಸಿದರೆ ಆನೆಯಷ್ಟೇ ಅಲ್ಲ, ನೀರು ಕಟ್ಟಲು ಹೋದ ಪಕ್ಕದ ಹೊಲದವರೂ ಸಾಯುತ್ತಾರೆ. ಆನೆ ಸತ್ತರೆ ವನ್ಯಜೀವಿ ಕಾಯ್ದೆಯಲ್ಲಿ ಕನಿಷ್ಠ 3 ವರ್ಷ ಜೈಲು. ಎನರ್ಜೈಸರ್ ಮೂಲಕ ಕ್ಷಣ ಮಾತ್ರ ಹೊಡೆತ ಕೊಡುವ ಸೋಲಾರ್ ಬೇಲಿಗೆ ಕಂಬ, ಆಂಗಲ್ ಮಾಡಿಕೊಡುವುದಕ್ಕೆ ಅಡ್ಡಿಯಿಲ್ಲ.

3. ಕಂಬಕ್ಕೆ ಕೊಕ್ಕೆ ಹಾಕಿ ವೆಲ್ಡಿಂಗ್. ಹೊಲದಲ್ಲೇ ಕೆಲಸ ಮಾಡುವಾಗ ಲೈನಿಗೆ ವೈರು ಸಿಕ್ಕಿಸುವುದು ವಿದ್ಯುತ್ ಕಳವು. 135ನೇ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ. ಪಂಪ್‌ಸೆಟ್ ಸಂಪರ್ಕದಿಂದ ತೆಗೆದರೂ ಅನಧಿಕೃತ ಬಳಕೆ ಎಂದು ಸೆಸ್ಕ್ ದುಪ್ಪಟ್ಟು ದರ ಹಾಕಬಹುದು. ಜನರೇಟರ್ ಒಯ್ಯುವುದೇ ಸರಿ.

4. ಮನೆ ಬಳಕೆ ಗ್ಯಾಸ್ ಸಿಲಿಂಡರಿನಿಂದ ಕಟಿಂಗ್. 14.2 ಕೆ.ಜಿ.ಯ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ. ಶಾಪ್‌ನಲ್ಲಿ ಬಳಸಿ ಬೆಂಕಿ ಬಿದ್ದರೆ ವಿಮೆ ಕೈಬಿಡುತ್ತದೆ, ಕೇಸು ಹಿಡಿಯುತ್ತದೆ.

‘ಬೇಡ’ ಎನ್ನುವ ಪಟ್ಟಿ ಇರುವ ಹಾಗೆ, ತಪ್ಪದೆ ಮಾಡಿಕೊಡಬೇಕಾದ ಒಂದು ಕೆಲಸವೂ ಇದೆ: ನೀರಿಲ್ಲದ ಬೋರ್‌ವೆಲ್‌ಗೆ ಮುಚ್ಚಳ. ಕೇಸಿಂಗ್ ಪೈಪಿಗೆ ಉಕ್ಕಿನ ತಟ್ಟೆ ಬೆಸುಗೆ ಹಾಕಬೇಕು ಅಥವಾ ನಟ್ಟು ಬೋಲ್ಟಿನ ಗಟ್ಟಿ ಮುಚ್ಚಳ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ರಾತ್ರಿಯಿಡೀ ಅಗೆದು ಜೀವಂತ ಹೊರತೆಗೆದದ್ದನ್ನು ರಾಜ್ಯವೇ ನೋಡಿತು. ಪಂಪು ಎತ್ತಿದ ದಿನವೇ ಒಂದು ತಟ್ಟೆ ಬೆಸುಗೆ ಹಾಕಿಸಿಬಿಟ್ಟರೆ ಅಂಥ ರಾತ್ರಿ ಬರುವುದಿಲ್ಲ.

ಶಾಪ್‌ನ ಹುಡುಗರಿಗೆ ಪೆಟ್ಟಾದರೆ

ಬಹಳ ಮಾಲೀಕರು ಮರೆಯುವ ಹೊಣೆ ಇದು. ಒಬ್ಬನೇ ಕೆಲಸಗಾರ ಇದ್ದರೂ, ಕೆಲಸದ ವೇಳೆ ಪೆಟ್ಟಾದರೆ ಅಥವಾ ಸತ್ತರೆ ಮಾಲೀಕರು ಪರಿಹಾರ ಕೊಡಬೇಕು. ಮಾಲೀಕರ ತಪ್ಪಿರಬೇಕು ಎಂದೇನೂ ಇಲ್ಲ. 1923ರ ಕಾಯ್ದೆಯಲ್ಲಿದ್ದ ಈ ನಿಯಮ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಮೊತ್ತ ಎಷ್ಟಾಗಬಹುದು? ಹಳೇ ಕಾಯ್ದೆಯ ಲೆಕ್ಕ ನೋಡಿ: 30 ವರ್ಷದ ಕೆಲಸಗಾರ, ತಿಂಗಳ ಕೂಲಿ 15,000 ರೂ. ಸಾವಾದರೆ ಕೂಲಿಯ ಅರ್ಧ 7,500 ರೂ.ಗೆ ಆ ವಯಸ್ಸಿನ ಗುಣಕ 207.98 ಹಾಕಬೇಕು. ಒಟ್ಟು 15,59,850 ರೂ. ಬೀದಿ ಬದಿಯ ಶಾಪ್ ಮಾರಿದರೂ ಹುಟ್ಟದ ದುಡ್ಡು. ‘ಕನ್ನಡಕ ಕೊಟ್ಟಿದ್ದೆ, ಅವನೇ ಹಾಕ್ಕೊಳ್ಳಲಿಲ್ಲ’ ಎಂಬ ವಾದ ಸಣ್ಣಪುಟ್ಟ ಗಾಯಕ್ಕೆ ನಡೆದರೂ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ನಡೆಯುವುದಿಲ್ಲ.

ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕೆಲಸಗಾರರ ಪರಿಹಾರದ ಪಾಲಿಸಿ ಸಿಗುತ್ತದೆ. ಮೂರನೇ ವ್ಯಕ್ತಿಗೆ ಆಗುವ ಹಾನಿಗೆ ಹೊಣೆಗಾರಿಕೆ ಪಾಲಿಸಿ ಬೇರೆ. ಅಂಗಡಿಗೆ ಬೆಂಕಿ ವಿಮೆ ಇದೆ ಅಂದರೆ ಇವೆರಡೂ ಇವೆ ಎಂದಲ್ಲ. ಪಾಲಿಸಿ ತೆಗೆಯುವಾಗ ‘ಹೊರಗೆ ಸೈಟಿನಲ್ಲಿ ಮಾಡುವ ಕೆಲಸಕ್ಕೂ ಅನ್ವಯಿಸುತ್ತಾ?’ ಎಂದು ಕೇಳಿ ಬರೆಸಿಕೊಳ್ಳಬೇಕು. ಇನ್ನು 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ‘ಕಸುಬು ಕಲೀಲಿ ಅಂತ ಅವರಪ್ಪನೇ ಬಿಟ್ಟವ್ರೆ’ ಅನ್ನುವುದು ಉತ್ತರ ಅಲ್ಲ.

ಎಲ್ಲಕ್ಕೂ ಮೊದಲ ರಕ್ಷಣೆ: ಕೆಲಸದ ಚೀಟಿ

ಜಿಎಸ್‌ಟಿ ನಂಬರ್ ಇಲ್ಲದ ಶಾಪ್ ಕೂಡ ಚೀಟಿ ಕೊಡಬಹುದು. ಕಾರ್ಬನ್ ಹಾಕುವ ಒಂದು ಬಿಲ್ ಪುಸ್ತಕ ಸಾಕು. ಅದರಲ್ಲಿ ಇಷ್ಟು ಇರಲಿ:

- ದಿನಾಂಕ, ಗಿರಾಕಿ ಹೆಸರು, ಊರು, ಫೋನ್
- ತಂದ ವಸ್ತು. ವಾಹನವಾದರೆ ನೋಂದಣಿ ಸಂಖ್ಯೆ
- ಬಂದಾಗ ಹೇಗಿತ್ತು
- ಗಿರಾಕಿ ಕೇಳಿದ್ದು ಏನು
- ಮಾಡಿದ್ದು ಏನು, ಯಾವ ಮಾಲು, ಎಷ್ಟು ದಪ್ಪ
- ಮಾಡದೆ ಬಿಟ್ಟಿದ್ದು ಮತ್ತು ಹೇಳಿದ ಎಚ್ಚರಿಕೆ
- ಕೂಲಿ, ಮುಂಗಡ, ಬಾಕಿ
- ಇಬ್ಬರ ಸಹಿ

ಹೀಗೆ ಬರೆಯಬಹುದು: ‘ಟ್ರೇಲರ್ ಹುಕ್ಕು. ಮೊದಲೇ ಎರಡು ಕಡೆ ಹಳೇ ಬೆಸುಗೆ, ಕಣ್ಣು ಸವೆದಿದೆ. ಹೊಸ ಹುಕ್ಕು ಹಾಕಿಸಿ ಎಂದು ಹೇಳಿದೆ, ಒಪ್ಪಲಿಲ್ಲ. ಬಿರುಕಿಗೆ ಬೆಸುಗೆ ಹಾಕಿದೆ. ಖಾಲಿ ಟ್ರೇಲರ್ ಮನೆಗೆ ಒಯ್ಯಲು ಮಾತ್ರ. ಲೋಡು ಹಾಕಬಾರದು.’

ಇಷ್ಟಕ್ಕೆ ಎರಡು ನಿಮಿಷ. ಕೆಲಸಕ್ಕೆ ಮೊದಲು ಒಂದು, ಆದ ಮೇಲೆ ಒಂದು ಫೋಟೊ ತೆಗೆದು ಗಿರಾಕಿಯ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ದಿನಾಂಕ, ಹೊತ್ತು ಎರಡೂ ದಾಖಲಾಗುತ್ತವೆ. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಮೂಲ ಫೋನಿನಲ್ಲಿ ಆ ಫೋಟೊ ಉಳಿದಿರಬೇಕು, ಅಳಿಸಬಾರದು. ಬರೆಯಲು ಬಾರದ ಗಿರಾಕಿಗೆ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಪಕ್ಕದಲ್ಲಿದ್ದವರ ಸಹಿ ಪಡೆಯಬೇಕು.

ಇಲ್ಲಿ ಎಲ್ಲರೂ ಪರಿಚಯದವರೇ. ‘ನಂಬಿಕೆ ಇಲ್ವಾ?’ ಅಂತ ಬೇಜಾರು ಮಾಡಿಕೊಳ್ಳುವವರೂ ಇರುತ್ತಾರೆ. ಎಲ್ಲರಿಗೂ ಒಂದೇ ನಿಯಮ ಇಟ್ಟರೆ ಆ ಮಾತು ಬರುವುದಿಲ್ಲ. ನಂಟನಿಗೂ ಚೀಟಿ, ಹೊರಗಿನವರಿಗೂ ಚೀಟಿ.

‘ನಾವು ಜವಾಬ್ದಾರರಲ್ಲ’ ಬೋರ್ಡಿಗೆ ಬೆಲೆ ಎಷ್ಟು?

ಗೋಡೆ ಮೇಲೆ ‘ಯಾವುದೇ ಹಾನಿಗೆ ಶಾಪ್ ಜವಾಬ್ದಾರಿಯಲ್ಲ’ ಎಂದು ಬರೆದರೆ ಹೊಣೆ ಹೋಗುವುದಿಲ್ಲ. ಪೆಟ್ಟಾದದ್ದು ದಾರಿಹೋಕರಿಗಾದರೆ ಅವರು ಆ ಬೋರ್ಡು ನೋಡಿಯೇ ಇಲ್ಲ, ಒಪ್ಪಿಯೂ ಇಲ್ಲ. ಕ್ರಿಮಿನಲ್ ಕೇಸಿಗಂತೂ ಯಾವ ಷರತ್ತೂ ತಡೆಯಲ್ಲ. ಬೋರ್ಡಿಗಿಂತ ‘ಲೋಡು ಹಾಕಬಾರದು’ ಎಂದು ಚೀಟಿಯಲ್ಲಿ ಬರೆದ ಒಂದು ಸಾಲಿಗೆ ಹೆಚ್ಚು ತೂಕ. ಆ ಸಾಲಿಗೂ ಮಿತಿ ಇದೆ. ಗಿರಾಕಿ ಇವತ್ತು ಸಂಜೆಯೇ ಲೋಡು ಹಾಕುತ್ತಾರೆ ಎಂದು ಗೊತ್ತಿದ್ದರೆ, ಬರೆದುಕೊಡುವುದಕ್ಕಿಂತ ಕೆಲಸ ಬಿಡುವುದೇ ಒಳ್ಳೆಯದು.

ನೋಟಿಸ್ ಬಂದರೆ ಏನು ಮಾಡಬೇಕು

ಗ್ರಾಹಕರು ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು.

ಆಯೋಗದ ನೋಟಿಸ್ ತಲುಪಿದ ಮೇಲೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. 45 ದಿನ ದಾಟಿದರೆ ಉತ್ತರ ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹೇಳಿದೆ. ನೋಟಿಸನ್ನು ಬೀರುವಿನಲ್ಲಿ ಇಟ್ಟು ‘ನೋಡೋಣ ಬುಡು’ ಅಂದರೆ ಅಂಗಡಿಯವರ ಮಾತು ಕೇಳದೆಯೇ ತೀರ್ಪು ಬರುತ್ತದೆ.

ಅವಘಡ ನಡೆದಾಗ ಮೊದಲು ಗಾಯಾಳುವಿಗೆ ಚಿಕಿತ್ಸೆ. ಮುರಿದ ತುಂಡನ್ನು ಎಸೆಯಬಾರದು, ಮತ್ತೆ ಬೆಸುಗೆ ಹಾಕಲೂಬಾರದು. ಹಾಗೇ ಇಟ್ಟು ಫೋಟೊ ತೆಗೆಯಬೇಕು. ಮುರಿದದ್ದು ಬೆಸುಗೆಯಲ್ಲೋ ಪಕ್ಕದ ಹಳೇ ಕಬ್ಬಿಣದಲ್ಲೋ ಎಂಬುದನ್ನು ಆ ತುಂಡೇ ಹೇಳುತ್ತದೆ. ವಿಮೆ ಇದ್ದರೆ ಕೂಡಲೇ ತಿಳಿಸಬೇಕು. ಹಳೇ ತಾರೀಖು ಹಾಕಿ ಹೊಸದಾಗಿ ಚೀಟಿ ಸೃಷ್ಟಿಸಿದರೆ ಇದ್ದ ಒಂದು ತೊಂದರೆ ಎರಡಾಗುತ್ತದೆ.

ವಕೀಲರಿಗೆ ಹಣ ಹೊಂದಿಸಲು ಆಗದವರು ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ. ಗ್ರಾಹಕರ ಸಹಾಯವಾಣಿ 1915.

ಕೆಲಸ ಮಾಡಿಸುವವರಿಗೆ

ಗಿರಾಕಿಗಳೂ ನಾಲ್ಕು ಮಾತು ನೆನಪಿಡಬೇಕು. ಚೀಟಿ ಕೇಳಿ ಪಡೆಯಿರಿ. ಚೀಟಿ ಇಲ್ಲದೆ ದೂರು ಕೊಟ್ಟರೆ ಸಾಬೀತು ಮಾಡುವುದು ಕಷ್ಟ. ಟ್ಯಾಂಕು, ಡ್ರಮ್ಮಿನಲ್ಲಿ ಏನಿತ್ತೆಂದು ಮುಚ್ಚಿಡಬೇಡಿ. ‘ಇದನ್ನ ಬದಲಾಯಿಸಬೇಕು’ ಎಂದು ಹೇಳಿದ ಕಡೆ ಚೌಕಾಸಿ ಮಾಡಿ ಟಾಕಾ ಹಾಕಿಸಬೇಡಿ. ಒಬ್ಬರು ಬೇಡ ಅಂದ ಕೆಲಸವನ್ನು ಪಕ್ಕದ ಶಾಪ್‌ಗೆ ಹೋಗಿ ಮಾಡಿಸಬೇಡಿ.

ಶಾಪ್‌ನವರು ‘ಇದು ಆಗಲ್ಲಣ್ಣ’ ಅಂದಾಗ ಕಳೆದುಕೊಳ್ಳುವುದು ಒಂದು ದಿನದ ಕೂಲಿ. ಅವರು ಆ ಮಾತು ಹೇಳಿದ್ದಕ್ಕೆ ಗಿರಾಕಿ ಮುನಿಸಿಕೊಳ್ಳದೆ ಹೊಸ ಹುಕ್ಕು ತಂದರೆ, ಟ್ರೇಲರ್ ಹಿಂದೆ ಬೈಕಿನಲ್ಲಿ ಬರುವವರೂ ನೆಟ್ಟಗೆ ಮನೆ ಸೇರುತ್ತಾರೆ.